ಆರೆಂಜ್ ಕ್ರೋಮೈಡ್ ಜೋಡಿ ಮೂರು ಸಲ ಮೊಟ್ಟೆ ಇಟ್ಟಿತು, ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಇಲ್ಲ

ಕೆರೆಏರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು ನಾನು. ಇವತ್ತು ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಬೆಂಗಳೂರು, ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಟ್ಯಾಂಕ್ 36x15x15 ಇಂಚು, ಹೆಚ್ಚುಕಡಿಮೆ 130 ಲೀಟರ್. ಹೋದ ವರ್ಷ ಹಳದಿ ಬಣ್ಣದ ಆರು ಆರೆಂಜ್ ಕ್ರೋಮೈಡ್ ಮೀನಿನ ಮರಿ ತಂದೆ. ಅವುಗಳಲ್ಲಿ ಎರಡು ತಾವಾಗಿಯೇ ಜೋಡಿಯಾದವು. ಉಳಿದ ನಾಲ್ಕನ್ನು ಮೂಲೆಗೆ ಅಟ್ಟಿ, ಅಲ್ಲಿಂದ ಅಲ್ಲಾಡಲೂ ಬಿಡಲಿಲ್ಲ. ಪಾಪ ಅನ್ನಿಸಿ ಆ ನಾಲ್ಕನ್ನು ಗೆಳೆಯನಿಗೆ ಕೊಟ್ಟೆ. ಈಗ ಜೋಡಿ ಜೊತೆಗೆ ಐದು ರೋಸಿ ಬಾರ್ಬ್ ಮೀನು ಇವೆ.

ಇಲ್ಲಿಯವರೆಗೆ ಮೂರು ಸಲ ಮೊಟ್ಟೆ ಇಟ್ಟಿವೆ. ಮಗುಚಿಟ್ಟ ಮಣ್ಣಿನ ಕುಂಡದ ಒಳಗೋಡೆಗೆ. ಸಂಜೆ ನಾಲ್ಕಕ್ಕೆ ಶುರುಮಾಡಿದರೆ ಆರರೊಳಗೆ ಮುಗಿಯುತ್ತದೆ. ಜೇನಿನ ಬಣ್ಣದ ಮೊಟ್ಟೆ, ಸಾಸಿವೆ ಕಾಳಿನಷ್ಟು. ಒಂದೊಂದೂ ಸಣ್ಣ ತೊಟ್ಟಿನಲ್ಲಿ ನೇತುಬಿದ್ದಿರುತ್ತದೆ. ಕಳೆದ ಸಲ ಫೋಟೋ ತೆಗೆದು ಎಣಿಸಿದೆ, 150ರ ಆಸುಪಾಸು. ರಾತ್ರಿ ಹತ್ತೂವರೆಗೆ ಲೈಟ್ ಆರಿಸುವಾಗ ಎಲ್ಲವೂ ಇರುತ್ತವೆ. ಬೆಳಿಗ್ಗೆ ಆರಕ್ಕೆ ಕುಂಡ ತೊಳೆದಿಟ್ಟ ಹಾಗೆ ಇರುತ್ತದೆ.

ಅಪ್ಪ ಅಮ್ಮನೇ ತಿನ್ನುತ್ತಿವೆಯಾ? ಏನು ಮಾಡಲಿ?

ಗುಪ್ಪಿಗುಂಗು

ತಿನ್ನುತ್ತವೆ ಸಾರ್, ಸಿಕ್ಲಿಡ್ ಕುಟುಂಬದ ಮೀನುಗಳು (ಕ್ರೋಮೈಡ್, ಏಂಜೆಲ್ ಎಲ್ಲ ಅದೇ) ಮೊದಮೊದಲು ತಿನ್ನುವುದುಂಟು. ಮುಂದಿನ ಸಲ ಕುಂಡವನ್ನೇ ಎತ್ತಿ ಬೇರೆ ಟ್ಯಾಂಕಿಗೆ ಹಾಕಿ. ಎರಡು ಹನಿ ಮಿಥಿಲೀನ್ ಬ್ಲೂ (ಬೂಸ್ಟು ತಡೆಯುವ ನೀಲಿ ಔಷಧಿ), ಪಕ್ಕದಲ್ಲೇ ಒಂದು ಏರ್‌ಸ್ಟೋನ್. ಏಂಜೆಲ್‌ಗೆ ನಾನು ಹಾಗೇ ಮಾಡುವುದು, ಮರಿ ಬರುತ್ತವೆ.

ಹಳೇಟ್ಯಾಂಕ್

ಎತ್ತಬೇಡಿ. ಏಂಜೆಲ್ ಬೇರೆ, ಇದು ಬೇರೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಾಲ್ಕು ಪ್ರಶ್ನೆ.

ಮೊಟ್ಟೆ ಬಿಳಿ ಆಗಿತ್ತಾ, ಬೂಸ್ಟು ಹಿಡಿದಿತ್ತಾ? ಬೆಳಿಗ್ಗೆ ನೋಡಿದಾಗ ಜೋಡಿ ಎಲ್ಲಿತ್ತು, ಏನು ಮಾಡುತ್ತಿತ್ತು? ನೀರು ಯಾವುದು? ಜೋಡಿ, ಬಾರ್ಬ್ ಬಿಟ್ಟರೆ ಟ್ಯಾಂಕಲ್ಲಿ ಬೇರೆ ಏನಿದೆ? ಬಸವನಹುಳು ಇದ್ದರೂ ಹೇಳಿ.

ಕೆರೆಏರಿ

ಬಿಳಿ ಆಗಿರಲಿಲ್ಲ. ಒಂದೇ ರಾತ್ರಿಯಲ್ಲಿ ಮಾಯ. ಬೆಳಿಗ್ಗೆ ಎರಡೂ ಕುಂಡದ ಬಾಯಲ್ಲೇ ಇದ್ದವು. ಹೆಣ್ಣು (ನಾನು ಹೆಣ್ಣು ಅಂದುಕೊಂಡಿರುವುದು) ಖಾಲಿ ಗೋಡೆಗೆ ರೆಕ್ಕೆ ಬೀಸುತ್ತಿತ್ತು. ಹೊಟ್ಟೆ ಕೆಳಗೆ ಮಸಿ ಬಳಿದ ಹಾಗೆ ಕಪ್ಪು. ಗಂಡಿನ ಬಾಲದ ಅಂಚು ಸ್ವಲ್ಪ ಹರಿದಿತ್ತು, ಬಾರ್ಬ್ ಕಚ್ಚಿರಬೇಕು.

ನೀರು ಬೋರ್‌ವೆಲ್. ಟಿಡಿಎಸ್ (ನೀರಲ್ಲಿ ಕರಗಿರುವ ಲವಣದ ಲೆಕ್ಕ) 900 ತೋರಿಸುತ್ತದೆ. ಗಡಸು ನೀರು, ಅದಕ್ಕೇ ಮೊಟ್ಟೆ ನಿಲ್ಲುತ್ತಿಲ್ಲ ಅಂತ ಅಂಗಡಿಯವರು ಹೇಳಿದರು. ಆರ್‌ಓ ನೀರು ಬೆರೆಸಿ ಅಂದರು.

ಬಸವನಹುಳು ಇಲ್ಲ.

ಪಳ್ಳತ್ತಿ_ಕಾಸರಗೋಡು

ಅಯ್ಯೋ, ಆ ಮೀನಿಗೆ ಆರ್‌ಓ ನೀರು ಯಾಕೆ ಮಾರಾಯ್ರೇ!

ಇದು ನಮ್ಮ ಕಡೆಯ ಮೀನು. ಮಲಯಾಳದಲ್ಲಿ ಪಳ್ಳತ್ತಿ ಅನ್ನುತ್ತಾರೆ. ಕರಿಮೀನಿನ ನೆಂಟ. 2010ರಲ್ಲಿ ಕೇರಳ ತನ್ನ ರಾಜ್ಯ ಮೀನು ಅಂತ ಘೋಷಿಸಿದ್ದು ಕರಿಮೀನನ್ನು. ಪಳ್ಳತ್ತಿ ಅದಕ್ಕಿಂತ ಬಹಳ ಸಣ್ಣದು, ಅಂಗೈಯಲ್ಲಿ ಹಿಡಿಸುತ್ತದೆ. ಹೊಳೆ ಸಮುದ್ರ ಸೇರುವ ಕಡೆ, ಉಪ್ಪು ಸಿಹಿ ಬೆರೆತ ನೀರಲ್ಲಿ ಗುಂಪು ಗುಂಪಾಗಿ ಇರುತ್ತದೆ. ಮಳೆಗಾಲದಲ್ಲಿ ಆ ನೀರು ಪೂರ್ತಿ ಸಿಹಿ, ಬೇಸಿಗೆಯಲ್ಲಿ ಬಾಯಿಗೆ ಹಾಕಿದರೆ ಉಪ್ಪು. ಎರಡಕ್ಕೂ ಅದು ಕ್ಯಾರೇ ಅನ್ನುವುದಿಲ್ಲ. ಮೆದು ನೀರು, ಹುಳಿ ನೀರು, ಅದು ಮಾತ್ರ ಆಗುವುದಿಲ್ಲ. ಬೇಗ ಬೂಸ್ಟು ಹಿಡಿಯುತ್ತದೆ.

ನಿಮ್ಮದು ಹಳದಿ ಅಂದಿರಲ್ಲ, ಅದು ಟ್ಯಾಂಕಲ್ಲಿ ಬೆಳೆಸಿ ಆರಿಸಿದ ಬಣ್ಣ. ಹೊಳೆಯ ಪಳ್ಳತ್ತಿಗೆ ಪಕ್ಕೆಯಲ್ಲಿ ದೊಡ್ಡ ಕಪ್ಪು ಚುಕ್ಕೆ ಉಂಟು, ಮೈತುಂಬ ಸಣ್ಣ ಕೇಸರಿ ಚುಕ್ಕೆಗಳ ಸಾಲು. ನನ್ನ ಕಣ್ಣಿಗೆ ಅದೇ ಚೆಂದ.

ಸೋಪುನೊರೆ

900 ಟಿಡಿಎಸ್ ಅಂದ ಮಾತ್ರಕ್ಕೆ ಗಡಸು ಅಂತ ಅಲ್ಲ. ಅಪಾರ್ಟ್‌ಮೆಂಟ್ ಅಂದಿರಿ. ಕೆಳಗೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಇದೆಯಾ? ಸ್ನಾನ ಮಾಡುವಾಗ ಸೋಪು ಹೇಗೆ ನೊರೆ ಬರುತ್ತದೆ?

ಕೆರೆಏರಿ

ಸಾಫ್ಟ್‌ನರ್ ಇದೆ! ತಿಂಗಳಿಗೊಮ್ಮೆ ಉಪ್ಪಿನ ಮೂಟೆ ಬರುವುದನ್ನು ನೋಡಿದ್ದೇನೆ. ನೊರೆ ಸಿಕ್ಕಾಪಟ್ಟೆ ಬರುತ್ತದೆ. ತೊಳೆದರೂ ಮೈ ಜಾರುತ್ತಲೇ ಇರುತ್ತದೆ.

ಸೋಪುನೊರೆ

ನೋಡಿದಿರಾ. ಸಾಫ್ಟ್‌ನರ್ ಒಳಗಿನ ರಾಳ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಮೀಟರ್‌ಗೆ ಅದೆಲ್ಲ ಒಂದೇ ಲೆಕ್ಕ. ಕರಗಿರುವುದು ಎಷ್ಟು ಅಂತ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಹಾಗಾಗಿ ನಿಮ್ಮ ನೀರು 900 ತೋರಿಸಿದರೂ ಮೆದು ನೀರೇ. ಅಂಗಡಿಯವರು ಹೇಳಿದ ಹಾಗೆ ಆರ್‌ಓ ಬೆರೆಸಿದ್ದರೆ ಇರುವ ಚೂರು ಕ್ಯಾಲ್ಸಿಯಂ ಕೂಡ ಹೋಗುತ್ತಿತ್ತು.

ಅಡುಗೆಮನೆ ನಲ್ಲಿಗೆ ಸಾಫ್ಟ್‌ನರ್ ದಾಟದ ನೇರ ಲೈನ್ ಕೆಲವು ಕಡೆ ಇರುತ್ತದೆ, ಕೇಳಿ ನೋಡಿ. ಇಲ್ಲ ಅಂದರೆ ಫಿಲ್ಟರ್ ಒಳಗೆ ಒಂದು ಹಿಡಿ ಕಪ್ಪೆಚಿಪ್ಪು ಪುಡಿಮಾಡಿ ಬಟ್ಟೆಯಲ್ಲಿ ಕಟ್ಟಿಡಿ. ನಿಧಾನಕ್ಕೆ ಕರಗುತ್ತದೆ. ಹವಳದ ಚೂರು ಅಂತ ಯಾರಾದರೂ ಕೊಟ್ಟರೆ ತಗೋಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಹಳೇಟ್ಯಾಂಕ್

ನೀರಿನ ಮಾತು ಸರಿ. ಆದರೆ ನೀರು ಕೆಟ್ಟದಾಗಿದ್ದರೆ ಮೊಟ್ಟೆ ಬಿಳಿಯಾಗುತ್ತಿತ್ತು, ಮಾಯ ಆಗುತ್ತಿರಲಿಲ್ಲ. ಬೆಳಿಗ್ಗೆ ಖಾಲಿ ಗೋಡೆಗೆ ರೆಕ್ಕೆ ಬೀಸುತ್ತಿತ್ತು ಅಂದಿರಿ. ತಾನೇ ತಿಂದ ಮೀನು ಹಾಗೆ ಕಾವಲು ಕೂತಿದ್ದನ್ನು ನಾನಂತೂ ನೋಡಿಲ್ಲ. ಗಂಡಿನ ಬಾಲ ಹರಿದಿದೆ. ರಾತ್ರಿ ಯಾರ ಜೊತೆಗೋ ಜಗಳ ಆಗಿದೆ. ಬಾರ್ಬ್‌ಗಳು ರಾತ್ರಿ ಮಲಗುತ್ತವೆ.

ಮತ್ತೆ ಕೇಳುತ್ತೇನೆ. ಟ್ಯಾಂಕಲ್ಲಿ ಬೇರೆ ಏನಿದೆ?

ಕೆರೆಏರಿ

ಬೇರೆ ಏನೂ ಇಲ್ಲ. ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್ ಮೀನು ಇದೆ ಅಷ್ಟೇ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹಳೇಟ್ಯಾಂಕ್

ಅಷ್ಟೇ ಅಂತೆ.

ಗುಪ್ಪಿಗುಂಗು

ಸಕ್ಕರ್ ಪಾಚಿ ತಿನ್ನುವ ಮೀನಲ್ವಾ? ನನ್ನದು ಸೌತೆಕಾಯಿ ತಿನ್ನುತ್ತದೆ. ಪಕ್ಕಾ ಸಸ್ಯಾಹಾರಿ.

ಕರಾವಳಿಹುಡುಗಿ

ನಮ್ಮನೆ ಸಕ್ಕರ್ ಸತ್ತ ಮೊಲಿ ಮೀನನ್ನು ರಾತ್ರೋರಾತ್ರಿ ಮುಗಿಸಿತ್ತು. ಬೆಳಿಗ್ಗೆ ಮುಳ್ಳು ಮಾತ್ರ ಸಿಕ್ಕಿತು. ಸೌತೆಕಾಯಿ ನೀವು ನೋಡುವಾಗ.

ಹಳೇಟ್ಯಾಂಕ್

ಸಿಕ್ಲಿಡ್‌ಗಳು ಕಣ್ಣಿಂದ ಕಾವಲು ಕಾಯುವ ಮೀನುಗಳು. ಕತ್ತಲಲ್ಲಿ ಅವುಗಳ ಆಟ ನಡೆಯುವುದಿಲ್ಲ. ಸಕ್ಕರ್ ಕತ್ತಲಲ್ಲೇ ಓಡಾಡುವುದು. ಮೈಮೇಲೆ ಗಟ್ಟಿ ಕವಚ, ಇವು ಎಷ್ಟು ಗುದ್ದಿದರೂ ನಾಟುವುದಿಲ್ಲ. ಗಾಜಿಗೆ ಅಂಟಿದ್ದನ್ನು ಕೆರೆದು ತಿನ್ನುವ ಬಾಯಿಗೆ, ಕುಂಡಕ್ಕೆ ಅಂಟಿದ 150 ಮೊಟ್ಟೆ ಏನು ಕಷ್ಟ?

ನನ್ನ ಮಾತು ನಂಬಬೇಡಿ. ಮುಂದಿನ ಸಲ ಮೊಟ್ಟೆ ಇಟ್ಟ ರಾತ್ರಿ ಎದ್ದು ಕೂತು ನೋಡಿ. ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಕಟ್ಟಿಕೊಳ್ಳಿ, ಕೆಂಪು ಬೆಳಕಿಗೆ ಮೀನು ಅಷ್ಟಾಗಿ ಬೆಚ್ಚುವುದಿಲ್ಲ.

ಕೆರೆಏರಿ (ಹದಿನಾರು ದಿನದ ಮೇಲೆ)

ನಿನ್ನೆ ಸಂಜೆ ನಾಲ್ಕನೇ ಸಲ ಮೊಟ್ಟೆ ಇಟ್ಟವು. ರಾತ್ರಿ ಕೂತೆ. ನಡೆದಿದ್ದು ಹೀಗೆ.

ಹತ್ತೂವರೆಗೆ ಲೈಟ್ ಆರಿಸಿದೆ. ಹನ್ನೆರಡರವರೆಗೆ ಏನೂ ಇಲ್ಲ. ಹೆಣ್ಣು ಕುಂಡದ ಒಳಗೆ, ಗಂಡು ಬಾಯಲ್ಲಿ. ಎರಡೂ ಅಲ್ಲಾಡದೆ ನಿಂತಿದ್ದವು, ರೆಕ್ಕೆ ಮಾತ್ರ ನಿಧಾನಕ್ಕೆ ಆಡುತ್ತಿತ್ತು. ನನಗೆ ತೂಕಡಿಕೆ ಬಂತು. 1:20ರ ಹೊತ್ತಿಗೆ ಟಕ್ ಅಂತ ಒಂದು ಸದ್ದು, ಕುಂಡಕ್ಕೆ ಕಲ್ಲು ತಾಗಿದ ಹಾಗೆ. ಕೆಂಪು ಟಾರ್ಚ್ ಹಾಕಿದೆ. ಸಕ್ಕರ್ ಅರ್ಧ ಮೈ ಕುಂಡದ ಒಳಗೆ ತೂರಿಸಿತ್ತು. ಬಾಲ ಮಾತ್ರ ಹೊರಗೆ, ನಾಯಿ ಪಾತ್ರೆಗೆ ತಲೆ ಹಾಕಿದ ಹಾಗೆ. ಗಂಡು ಅದರ ಬೆನ್ನಿಗೆ ಹಿಂದೆ ಹೋಗಿ ಬಂದು ಹೋಗಿ ಬಂದು ಗುದ್ದುತ್ತಿತ್ತು. ಆದರೆ ಗುರಿ ಸಿಗುತ್ತಿರಲಿಲ್ಲ, ಎರಡು ಸಲ ಕುಂಡಕ್ಕೇ ಹೊಡೆದುಕೊಂಡಿತು. ಹೆಣ್ಣು ಒಳಗಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು.

ನಾನು ಕೈ ಹಾಕಿ ಸಕ್ಕರನ್ನು ಎಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಆ ಗಲಾಟೆಗೋ ಏನೋ, ಉಳಿದದ್ದನ್ನು ಬೆಳಿಗ್ಗೆ ಜೋಡಿಯೇ ತಿಂದು ಮುಗಿಸಿತು. ಅದನ್ನೂ ಕಣ್ಣಾರೆ ನೋಡಿದೆ.

ಮೂರು ತಿಂಗಳು ಇವುಗಳನ್ನು ಬೈದುಕೊಂಡಿದ್ದೆ. ಸಕ್ಕರ್ ಈಗ ಬಕೆಟ್‌ನಲ್ಲಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕೆರೆಗೆ ಬಿಟ್ಟು ಬರಲಾ?

ಕರಾವಳಿಹುಡುಗಿ

ಬೇಡ ಬೇಡ ಬೇಡ. ಕೆರೆಗೆ ಬಿಡಲೇಬೇಡಿ.

ಸೋಪುನೊರೆ

ದಕ್ಷಿಣ ಅಮೆರಿಕದ ಮೀನು ಅದು. ಟ್ಯಾಂಕ್‌ನವರು ಹೀಗೆ "ಪಾಪ" ಅಂತ ಬಿಟ್ಟು ಬಿಟ್ಟೇ ನಮ್ಮ ಕೆರೆ, ಹೊಳೆಗಳಲ್ಲಿ ಸೇರಿಕೊಂಡಿದೆ. ದಡದ ಮಣ್ಣಲ್ಲಿ ಬಿಲ ಕೊರೆಯುತ್ತದೆ, ಬೇರೆ ಮೀನಿನ ಮೊಟ್ಟೆ ತಿನ್ನುತ್ತದೆ, ನೀರಲ್ಲಿ ಗಾಳಿ ಕಮ್ಮಿ ಇದ್ದರೂ ಬದುಕುತ್ತದೆ. ಬಲೆಗೆ ಬಿದ್ದರೆ ಅದರ ಮುಳ್ಳಿಗೆ ಬಲೆಯೇ ಹರಿಯುತ್ತದೆ. ತಂದ ಅಂಗಡಿಗೇ ವಾಪಸ್ ಕೊಡಿ, ಇಲ್ಲ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ.

ಕೆರೆಏರಿ

ಸರಿ ಸರಿ, ಅಂಗಡಿಗೆ ಕೊಟ್ಟು ಬಂದೆ. ಬಾರ್ಬ್‌ಗಳನ್ನೂ ಕೊಟ್ಟುಬಿಟ್ಟೆ. ಈಗ ಜೋಡಿ ಮಾತ್ರ. ರಾಜ ರಾಣಿ ಥರ ಇರಲಿ.

ಹಳೇಟ್ಯಾಂಕ್

ಬಾರ್ಬ್ ಯಾಕೆ ಕೊಟ್ಟಿರಿ? ಒಂದು ವಾರ ಕಾದು ನೋಡಿ, ಗೊತ್ತಾಗುತ್ತದೆ.

ಕೆರೆಏರಿ (ಒಂಬತ್ತು ದಿನದ ಮೇಲೆ)

ಗೊತ್ತಾಯಿತು. ಗಂಡು ಹೆಣ್ಣನ್ನು ಹೀಟರ್ ಹಿಂದಿನಿಂದ ಹೊರಗೆ ಬರಲು ಬಿಡುತ್ತಿಲ್ಲ. ರೆಕ್ಕೆ ಹರಿದಿದೆ, ಎರಡು ಕಡೆ ಹುರುಪೆ ಹೋಗಿದೆ. ಇದೇನು ಸಾರ್, ಶತ್ರು ಹೋದ ಮೇಲೆ ಹೆಂಡತಿ ಮೇಲೆ ಬಿದ್ದಿದ್ದಾನೆ.

ಹಳೇಟ್ಯಾಂಕ್

ಅದಕ್ಕೇ ಹೇಳಿದ್ದು. ಜೋಡಿಗೆ ಅಟ್ಟುವುದಕ್ಕೆ ಯಾರಾದರೂ ಬೇಕು. ಹೊರಗಿನವರನ್ನು ಒಟ್ಟಿಗೆ ಓಡಿಸುತ್ತಾ ಓಡಿಸುತ್ತಾ ಅವು ಜೋಡಿಯಾಗಿ ಉಳಿಯುತ್ತವೆ. ಅಟ್ಟಲು ಯಾರೂ ಇಲ್ಲದಿದ್ದರೆ ಗಂಡಿನ ಸಿಟ್ಟೆಲ್ಲ ಹೆಣ್ಣಿನ ಮೇಲೆ. ನಾನು 1998ರಲ್ಲಿ ಒಂದು ಒಳ್ಳೇ ಕಾನ್ವಿಕ್ಟ್ ಸಿಕ್ಲಿಡ್ ಹೆಣ್ಣನ್ನು ಹೀಗೇ ಕಳಕೊಂಡೆ. ಪ್ರೀತಿಯಿಂದ ಅವೆರಡಕ್ಕೇ ಅಂತ ಒಂದು ಟ್ಯಾಂಕ್ ಮಾಡಿಕೊಟ್ಟಿದ್ದೆ.

ಈಗ ಮಾಡುವುದು: ನಡುವೆ ಒಂದು ಜಾಲರಿ ಅಡ್ಡ ಇಡಿ, ಒಂದು ವಾರ. ನೋಡಿಕೊಳ್ಳಲಿ, ಮುಟ್ಟುವುದು ಬೇಡ. ಗಾಯ ವಾಸಿಯಾಗಲಿ. ಆಮೇಲೆ ನಾಲ್ಕೈದು ಮೊಲಿ ತನ್ನಿ. ಮೊಲಿಗೆ ಗಡಸು ನೀರು, ಸ್ವಲ್ಪ ಉಪ್ಪು ಎರಡೂ ಇಷ್ಟ. ಮೇಲುನೀರಲ್ಲಿ ಇರುತ್ತವೆ, ಚುರುಕು, ಓಡಿಸಿಕೊಂಡರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಪಳ್ಳತ್ತಿ_ಕಾಸರಗೋಡು

ಉಪ್ಪಿನ ಮಾತು ಬಂತಲ್ಲ, ನಾನು ಸ್ವಲ್ಪ ಹೇಳುತ್ತೇನೆ. ಲೀಟರಿಗೆ 2 ಗ್ರಾಂ ಸಾಕು. ನಿಮ್ಮ ಟ್ಯಾಂಕಿಗೆ ಕಾಲು ಕೆಜಿ ಚಿಲ್ಲರೆ. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಇರುತ್ತದೆ, ಹಾಗಾಗಿ ಇದೇನೂ ಜಾಸ್ತಿ ಅಲ್ಲ. ಮರೈನ್ ಸಾಲ್ಟ್ (ಸಮುದ್ರ ಮೀನಿನ ಟ್ಯಾಂಕಿಗೆ ಹಾಕುವ ಉಪ್ಪು) ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಬರುತ್ತದೆ. ಕಲ್ಲುಪ್ಪು ಅಂದರೆ ಬರೀ ಉಪ್ಪು. ಒಂದೇ ದಿನ ಸುರಿಯಬೇಡಿ, ಮೂರ್ನಾಲ್ಕು ದಿನದಲ್ಲಿ ಸ್ವಲ್ಪ ಸ್ವಲ್ಪ ಕರಗಿಸಿ ಹಾಕಿ.

ಎಲ್ಲರೂ ಮಾಡುವ ತಪ್ಪು ಒಂದುಂಟು. ನೀರು ಆವಿಯಾದರೆ ಉಪ್ಪು ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಕಡಿಮೆಯಾದ ನೀರಿಗೆ ಬರೀ ನೀರು ತುಂಬಿ. ನೀರು ತೆಗೆದು ಬದಲಿಸಿದಾಗ ಮಾತ್ರ ಆ ಲೆಕ್ಕಕ್ಕೆ ಉಪ್ಪು ಹಾಕಿ.

ಗುಪ್ಪಿಗುಂಗು

ಗಂಡು ಹೆಣ್ಣು ಹೇಗೆ ಗೊತ್ತಾಗುವುದು? ನನಗೂ ಆಸೆ ಬಂದಿದೆ.

ಪಳ್ಳತ್ತಿ_ಕಾಸರಗೋಡು

ಕಷ್ಟ. ಗಂಡು ಬಣ್ಣದಲ್ಲಿ ಚೂರು ಗಾಢ. ಹೆಣ್ಣಿಗೆ ಬಾಲದ ಮೇಲಂಚು ಕೆಳಂಚು ಬಿಳಿ ಇರುವುದುಂಟು. ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆ ಕೆಳಗೆ ಸಣ್ಣ ನಳಿಗೆ ಹೊರಬರುತ್ತದೆ. ಹೆಣ್ಣಿಗೆ ದಪ್ಪ, ತುದಿ ಮೊಂಡು. ಗಂಡಿಗೆ ಸಪೂರ, ಚೂಪು. ಅಲ್ಲಿಯವರೆಗೆ ನಮ್ಮದೆಲ್ಲ ಅಂದಾಜು. ಅಂಗಡಿಯಲ್ಲಿ "ಇದು ಗಂಡು, ಇದು ಹೆಣ್ಣು" ಅಂತ ಎರಡು ಹಿಡಿದು ಕೊಟ್ಟರೆ ನಂಬಬೇಡಿ. ಆರೆಂಟು ಮರಿ ತಂದು ಬೆಳೆಸಿ, ಅವೇ ಆರಿಸಿಕೊಳ್ಳಲಿ.

ಕೆರೆಏರಿ (ಐದು ವಾರದ ಮೇಲೆ)

ಬಂತು!! ಸಮಾಧಾನವಾಗಿ ಬರೆಯುತ್ತೇನೆ.

ನೀವು ಹೇಳಿದ ಹಾಗೇ ಜಾಲರಿ ಇಟ್ಟೆ, ಐದು ಮೊಲಿ ತಂದೆ, ಲೀಟರಿಗೆ 2 ಗ್ರಾಂ ಉಪ್ಪು. ಅಡುಗೆಮನೆ ನಲ್ಲಿಗೆ ನೇರ ಲೈನ್ ಇರುವುದು ನಿಜ, ಈಗ ಅದೇ ನೀರು. ಹೀಟರ್ 28ಕ್ಕೆ. ಪವರ್ ಫಿಲ್ಟರ್ ತೆಗೆದು ಸ್ಪಂಜ್ ಫಿಲ್ಟರ್ ಹಾಕಿದೆ, ಮರಿ ಎಳೆದುಕೊಳ್ಳದಿರಲಿ ಅಂತ. ರಾತ್ರಿ ಹಾಲಿನಲ್ಲಿ ಜೀರೋ ಕ್ಯಾಂಡಲ್ ಬಲ್ಬ್ ಉರಿಯುತ್ತದೆ. ಜಾಲರಿ ತೆಗೆದ ದಿನವೇ ಗಂಡು ಮೊಲಿಗಳನ್ನು ಅಟ್ಟಲು ಶುರುಮಾಡಿತು. ಹೆಣ್ಣು ಪಕ್ಕಕ್ಕೆ ಬಂದು ನಿಂತಿತು, ಅದನ್ನು ಮುಟ್ಟಲಿಲ್ಲ. ಹನ್ನೊಂದನೇ ದಿನ ಮೊಟ್ಟೆ.

ಈ ಸಲ ಬೆಳಿಗ್ಗೆಯೂ ಇದ್ದವು. ಹತ್ತಿಪ್ಪತ್ತು ಬಿಳಿಯಾದವು, ಅವನ್ನು ಹೆಣ್ಣು ಒಂದೊಂದಾಗಿ ಕಿತ್ತು ತೆಗೆಯಿತು. ಮೂರನೇ ದಿನ ಮೊಟ್ಟೆ ಒಳಗೆ ಎರಡು ಕಪ್ಪು ಚುಕ್ಕೆ, ಕಣ್ಣು! ಐದನೇ ದಿನ ಸಂಜೆ ಆಫೀಸಿಂದ ಬಂದರೆ ಕುಂಡ ಖಾಲಿ. ಎದೆ ಧಸಕ್ ಅಂತು. ಆಮೇಲೆ ನೋಡಿದರೆ ಮರಳಲ್ಲಿ ಬಟ್ಟಲಿನಷ್ಟು ಗುಂಡಿ ತೋಡಿ, ಅಲ್ಲಿ ತಂದು ಹಾಕಿವೆ. ಬಾಲ ಅಲ್ಲಾಡಿಸುವ ದಾರದ ಚೂರುಗಳ ಮುದ್ದೆ. ಮಾರನೇ ದಿನ ಇನ್ನೊಂದು ಗುಂಡಿಗೆ ಸಾಗಿಸಿದವು. ಬಾಯಲ್ಲಿ ತುಂಬಿಕೊಂಡು ಹೋಗಿ ಉಗುಳುವುದು. ಹತ್ತು ದಿನದ ಹೊತ್ತಿಗೆ ಮರಿಗಳು ಈಜಿದವು.

ಈಗ ಒಂದು ಗಾಬರಿ. ಮರಿಗಳು ಅಪ್ಪ ಅಮ್ಮನ ಮೈಗೆ ಹೋಗಿ ಹೋಗಿ ಕಚ್ಚುತ್ತಿವೆ. ಪಕ್ಕೆಗೆ ತಾಗಿ ಚಿಮ್ಮಿ ವಾಪಸ್. ರೋಗವಾ? ಹಸಿವಾ?

ಹಳೇಟ್ಯಾಂಕ್

ಊಟ ಮಾಡುತ್ತಿವೆ. ನೋಡುತ್ತಾ ಕೂರಿ.

ಮೊದಲು ಕುಂಡ ಎತ್ತಬೇಡಿ ಅಂದಿದ್ದು ಇದಕ್ಕೇ. ಮರಿ ಇರುವಾಗ ಇವುಗಳ ಮೈಮೇಲಿನ ಲೋಳೆ ಹೆಚ್ಚುತ್ತದೆ. ಮರಿಗಳು ಅದನ್ನು ಕಿತ್ತು ತಿನ್ನುತ್ತವೆ. ಡಿಸ್ಕಸ್ ಮೀನು ಹೀಗೆ ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಊರಿನ ಮೀನೂ ಮಾಡುತ್ತದೆ ಅಂತ ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿ ವಾರ್ಡ್, ಬಾರ್ಲೋ ಅಂತ ಇಬ್ಬರು 1967ರಲ್ಲೇ ಇದನ್ನು ಕೂತು ನೋಡಿ ಬರೆದಿದ್ದಾರೆ. ಡಿಸ್ಕಸ್ ಮರಿಯ ಹಾಗೆ ಇವು ಅದನ್ನೇ ನಂಬಿಕೊಂಡಿಲ್ಲ. ಬೇರೆ ಆಹಾರವೂ ಬೇಕು, ಆದರೆ ಇದು ಸಿಕ್ಕಿದವು ಚೆನ್ನಾಗಿ ಬೆಳೆಯುತ್ತವೆ.

ಇನ್ನೊಂದು ನೋಡಿ. ಮೊಲಿ ಹತ್ತಿರ ಬಂದಾಗ ಅಮ್ಮ ಹೊಟ್ಟೆ ಕೆಳಗಿನ ಕಪ್ಪು ರೆಕ್ಕೆಗಳನ್ನು ಪಟಪಟ ಬಿಚ್ಚಿ ಮುಚ್ಚುತ್ತದೆ. ಮರಿಗಳೆಲ್ಲ ಒಟ್ಟಾಗುತ್ತವೆ.

ಕೆರೆಏರಿ

ಅಯ್ಯೋ ಹೌದು! ಈಗಷ್ಟೇ ನೋಡಿದೆ. ಕೊಡೆ ಬಿಚ್ಚಿ ಮುಚ್ಚಿದ ಹಾಗೆ. ಮಗಳು ಅರ್ಧ ಗಂಟೆಯಿಂದ ಟ್ಯಾಂಕ್ ಮುಂದೆ ಕೂತಿದ್ದಾಳೆ, ಹೋಂವರ್ಕ್ ಹಾಗೇ ಇದೆ.

ಬೇರೆ ಆಹಾರ ಏನು ಕೊಡಲಿ? ಮೊಟ್ಟೆಯ ಹಳದಿ ಹಾಕಿ ಅಂತ ಒಬ್ಬರು ಅಂದರು.

ಕರಾವಳಿಹುಡುಗಿ

ಹಳದಿ ಬೇಡ, ಒಂದು ಚಿಟಿಕೆ ಜಾಸ್ತಿಯಾದರೂ ನೀರು ಕೊಳೆತು ನಾರುತ್ತದೆ. ಆರ್ಟೀಮಿಯಾ (ಉಪ್ಪುನೀರಿನ ಸಿಗಡಿಯಂಥ ಸಣ್ಣ ಜೀವಿ) ಮರಿ ಮಾಡಿ, ಸುಲಭ. ಒಂದು ಲೀಟರ್ ನೀರಿನ ಬಾಟಲಿ ತಲೆಕೆಳಗಾಗಿ ಕಟ್ಟಿ. 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ತಳದಿಂದ ಜೋರಾಗಿ ಗಾಳಿ. ಬೆಚ್ಚಗಿದ್ದರೆ ಒಂದು ದಿನಕ್ಕೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮೇಲೆ ತೇಲುತ್ತದೆ, ಕೇಸರಿ ಬಣ್ಣದ ಮರಿ ಕೆಳಗೆ ಸೇರುತ್ತದೆ. ಕೆಳಗಿಂದ ಪೈಪಲ್ಲಿ ಎಳೆದು ಬಟ್ಟೆಯಲ್ಲಿ ಸೋಸಿ ಹಾಕಿ. ಸಿಪ್ಪೆ ಹೋಗಬಾರದು. ದಿನಕ್ಕೆ ಮೂರು ಸಲ, ಮರಿಗಳ ಹೊಟ್ಟೆ ಕೇಸರಿ ಆದರೆ ತಿಂದವು ಅಂತ ಲೆಕ್ಕ.

ನಾವೆಲ್ಲ ಚಿಕ್ಕವರಿದ್ದಾಗ ಸೊಳ್ಳೆ ಮರಿ ಹಿಡಿದು ಹಾಕುತ್ತಿದ್ದೆವು. ಈಗ ಬಕೆಟ್‌ನಲ್ಲಿ ಸೊಳ್ಳೆ ಸಾಕಿದರೆ ಅಕ್ಕಪಕ್ಕದವರು ಡೆಂಗ್ಯೂ ಅಂತ ಬಾಗಿಲು ಬಡಿಯುತ್ತಾರೆ.

ಗುಪ್ಪಿಗುಂಗು

ಒಂದು ಕೇಳಲಾ. ನೇತ್ರಾವತಿಯಲ್ಲಿ ಇದರದ್ದೇ ಇನ್ನೊಂದು ಜಾತಿ ಇದೆಯಂತೆ, ನಮ್ಮ ಕರ್ನಾಟಕದಲ್ಲಿ ಮಾತ್ರ ಸಿಗುವುದು. ಅದನ್ನೂ ಹೀಗೆ ಸಾಕಬಹುದಾ?

ಪಳ್ಳತ್ತಿ_ಕಾಸರಗೋಡು

ಕೆನರಾ ಪರ್ಲ್‌ಸ್ಪಾಟ್. ಎಟ್ರೋಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟದ್ದು. ಇಡೀ ಭಾರತಕ್ಕೆ ಇರುವುದೇ ಮೂರು ಸಿಕ್ಲಿಡ್. ಕರಿಮೀನು, ಪಳ್ಳತ್ತಿ, ಇದು. ಟಿಲಾಪಿಯಾ ಹೊರಗಿಂದ ಬಂದದ್ದು, ಅದನ್ನು ಸೇರಿಸಬೇಡಿ. ಈ ಮೂರರ ಹತ್ತಿರದ ಬಂಧುಗಳು ಇರುವುದು ಎಲ್ಲಿ ಗೊತ್ತುಂಟಾ? ಮಡಗಾಸ್ಕರ್‌ನಲ್ಲಿ.

ಕೆನರೆನ್ಸಿಸ್ ದಕ್ಷಿಣ ಕನ್ನಡದ ಸಿಹಿನೀರಿನ ಹೊಳೆಗಳ ಮೀನು, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ತರುವ ಯೋಚನೆ ಬೇಡ. ಹೋದರೆ ನೀರಿಗೆ ಇಳಿಯದೆ ಬಂಡೆ ಮೇಲೆ ಕೂತು ನೋಡಿ. ನೀರು ತಿಳಿಯಾಗಿದ್ದರೆ ಕಾಣುತ್ತದೆ.

ಕೆರೆಏರಿ (ಒಂದು ತಿಂಗಳ ಮೇಲೆ)

ಮರಿ ಎಣಿಸಿದೆ, 60ರ ಮೇಲಿದೆ. ಅಲ್ಲಾಡುತ್ತಲೇ ಇರುವುದರಿಂದ ಲೆಕ್ಕ ತಪ್ಪುತ್ತದೆ. ದೊಡ್ಡವು ಉಗುರಿನಷ್ಟಾಗಿವೆ. ಈಗಲೂ ಅಮ್ಮನ ಪಕ್ಕೆ ಕಚ್ಚುತ್ತವೆ, ಅದು ಓಡಿ ತಪ್ಪಿಸಿಕೊಳ್ಳುತ್ತಿದೆ. ನಿನ್ನೆಯಿಂದ ಗಂಡು ಕುಂಡದ ಒಳಗೋಡೆ ಉಜ್ಜಿ ಕ್ಲೀನ್ ಮಾಡುತ್ತಿದೆ. ಮತ್ತೆ ಮೊಟ್ಟೆಯಾ?

ಮರಿಗಳಿಗೆ ಎರಡಡಿ ಟ್ಯಾಂಕ್ ತರಬೇಕು. ಎಲ್ಲಿ ಇಡುತ್ತೀಯ ಅಂತ ಅಮ್ಮ ಕೇಳುತ್ತಿದ್ದಾರೆ. ವಾಷಿಂಗ್ ಮಷೀನ್ ಮೇಲೆ ಜಾಗ ಇದೆ ಅಂದೆ.

ಹಳೇಟ್ಯಾಂಕ್

ವಾಷಿಂಗ್ ಮಷೀನ್ ಮೇಲೆ ಇಡಬೇಡಿ.

ಸೋಪುನೊರೆ

ಮರಿಗಳನ್ನು ಹೊಸ ಟ್ಯಾಂಕಿಗೆ ಸೇರಿಸುವಾಗ ನನಗೆ ಆರು ಎತ್ತಿಡಿ. ನಮ್ಮ ಮನೆಗೆ ಸಾಫ್ಟ್‌ನರ್ ಇಲ್ಲ, ಸೋಪು ನೊರೆಯೇ ಬರುವುದಿಲ್ಲ.